ಮೆಕಾಂಗ್ ಕ್ರೂಸ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ

"ಮೆಕಾಂಗ್ ನದಿಯಲ್ಲಿ ಕ್ರೂಸ್ ಹೋಗೋಣ ಅಂತಿದ್ದೀವಿ, ಯಾವ ಹಡಗು ಚೆನ್ನಾಗಿದೆ?" ಮೇಲಿಂದ ಮೇಲೆ ಬರುವ ಪ್ರಶ್ನೆ ಇದು. ಅಪ್ಪನ ಷಷ್ಟ್ಯಬ್ದಿಗೆ, ಮದುವೆಯ ಇಪ್ಪತ್ತೈದಕ್ಕೆ, ನಿವೃತ್ತಿಗೆ, ಹೀಗೆ ಒಬ್ಬೊಬ್ಬರದು ಒಂದೊಂದು ನೆಪ. ಈ ದರ್ಜೆಯ ಹಡಗು ಯಾವುದೇ ಇರಲಿ, ಹಾಸಿಗೆ ಮೆತ್ತಗಿರುತ್ತದೆ, ಎಸಿ ತಣ್ಣಗಿರುತ್ತದೆ. ಅದಕ್ಕೇ ಅಲ್ವಾ ಅಷ್ಟು ದುಡ್ಡು? ಪ್ರವಾಸ ಕೆಡುವುದು ಬೇರೆ ಕಡೆ. ನೀರಿಲ್ಲದ ತಿಂಗಳಲ್ಲಿ ಹೋಗಿ ಅರ್ಧ ದಿನ ಬಸ್ಸಿನಲ್ಲಿ ಕೂರುವುದು, ವೀಸಾದಲ್ಲಿ ಗಡಿಯ ಹೆಸರು ತಪ್ಪಿರುವುದು, ವಾರವಿಡೀ ಅನ್ನಕ್ಕೆ ಬೇಯಿಸಿದ ಕೋಸು ಕಲಸಿ ತಿನ್ನುವುದು. ಇದೆಲ್ಲ ಮನೆಯಲ್ಲಿ ಕೂತೇ ಸರಿಮಾಡಿಕೊಳ್ಳಬಹುದಾದ ವಿಷಯ. ಕ್ರಮವಾಗಿ ಹೇಳುತ್ತೇನೆ.

ಹಂತ 1: ದಾರಿ ಗೊತ್ತುಮಾಡಿಕೊಳ್ಳಿ

ಮೆಕಾಂಗ್ ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟುತ್ತದೆ. ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ ದಾಟಿ ವಿಯೆಟ್ನಾಂನಲ್ಲಿ ಸಮುದ್ರ ಸೇರುತ್ತದೆ. ಉದ್ದ 4,300 ಕಿ.ಮೀ.ಗೂ ಜಾಸ್ತಿ. ಇಷ್ಟುದ್ದಕ್ಕೂ ಹಡಗು ಹೋಗುವುದಿಲ್ಲ, ಲಾವೋಸ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಖೋನ್ ಜಲಪಾತ ಅಡ್ಡ ಇದೆ. ಹಾಗಾಗಿ ನಿಮ್ಮ ಮುಂದೆ ಇರುವುದು ಎರಡು ದಾರಿ.

ಒಂದು, ಮೇಲಿನ ಮೆಕಾಂಗ್. ಲಾವೋಸ್‌ನ ಹ್ವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ವರೆಗೆ ಎರಡು ದಿನ, ನಡುವೆ ಪಾಕ್ ಬೆಂಗ್‌ನಲ್ಲಿ ಒಂದು ರಾತ್ರಿ. ಬೆಟ್ಟ, ಕಾಡು, ಮೌನ ಇಷ್ಟಪಡುವವರಿಗೆ ಇದು.

ಇನ್ನೊಂದು, ಕೆಳಗಿನ ಮೆಕಾಂಗ್. ಕಾಂಬೋಡಿಯಾದ ಸಿಯೆಮ್ ರೀಪ್ ಮತ್ತು ವಿಯೆಟ್ನಾಂನ ಹೋ ಚಿ ಮಿನ್ ಸಿಟಿ, ಅಂದರೆ ಹಳೆಯ ಸೈಗಾನ್, ಇವೆರಡರ ನಡುವೆ. ಸಾಮಾನ್ಯವಾಗಿ 7 ರಾತ್ರಿ ಹಡಗಿನಲ್ಲಿ, ಹಿಂದೆ ಮುಂದೆ ಒಂದೆರಡು ರಾತ್ರಿ ಹೋಟೆಲಿನಲ್ಲಿ. ಜನ "ಮೆಕಾಂಗ್ ಕ್ರೂಸ್" ಅನ್ನುವುದು ಇದನ್ನೇ. ನಾನೂ ಇದರ ಬಗ್ಗೆಯೇ ಬರೆಯುತ್ತಿದ್ದೇನೆ. ರಜೆ ಕಡಿಮೆ ಇದ್ದರೆ 3 ಅಥವಾ 4 ರಾತ್ರಿಯವೂ ಇವೆ.

ಮ್ಯಾನ್ಮಾರ್‌ನ ಐರಾವತಿ ನದಿಯ ಕ್ರೂಸ್ ಬಗ್ಗೆಯೂ ಕೆಲವರು ಕೇಳುತ್ತಾರೆ. 2021ರ ಸೇನಾ ದಂಗೆಯ ನಂತರ ಅಲ್ಲಿನ ಪರಿಸ್ಥಿತಿ ಗೊತ್ತೇ ಇದೆ. ಸದ್ಯಕ್ಕೆ ಬಿಟ್ಟುಬಿಡಿ.

ಮೇಲಿಂದ ಕೆಳಗೋ, ಅಂದರೆ ಸಿಯೆಮ್ ರೀಪ್‌ನಿಂದ ಸೈಗಾನ್‌ಗೋ, ಇಲ್ಲಾ ಕೆಳಗಿಂದ ಮೇಲಕ್ಕೋ? ನನ್ನ ಮತ ಮೇಲಿಂದ ಕೆಳಕ್ಕೆ. ಸಿಯೆಮ್ ರೀಪ್ ಪಕ್ಕದ ಅಂಗ್ಕೋರ್ ದೇವಸ್ಥಾನಗಳಲ್ಲಿ ನಡೆಯೋದು, ಹತ್ತೋದು ಜಾಸ್ತಿ. ಕಾಲಲ್ಲಿ ಕಸುವಿರುವಾಗ ಅದನ್ನು ಮುಗಿಸಿ ಆಮೇಲೆ ಹಡಗಿನಲ್ಲಿ ಕಾಲು ಚಾಚುವುದು ವಾಸಿ. ವೀಸಾ ಲೆಕ್ಕದಲ್ಲೂ ಇದೇ ಸುಲಭ, ಅದನ್ನು ಮುಂದೆ ಹೇಳುತ್ತೇನೆ.

ಹಂತ 2: ತಿಂಗಳು ಆರಿಸಿ, ಆಮೇಲೆ ಹಡಗು

ಇಲ್ಲಿ ಸ್ವಲ್ಪ ನಿಧಾನಿಸಿ. ಇಡೀ ಪ್ರವಾಸದ ಹಣೆಬರಹ ಇಲ್ಲೇ ಇದೆ.

ಕಾಂಬೋಡಿಯಾದ ನಡುವೆ ಟೊನ್ಲೆ ಸಾಪ್ ಅನ್ನೋ ದೊಡ್ಡ ಸರೋವರ ಇದೆ. ಅದರ ನೀರು ಅದೇ ಹೆಸರಿನ ನದಿಯಾಗಿ ಹರಿದು ರಾಜಧಾನಿ ಫ್ನೋಮ್ ಪೆನ್ ಹತ್ತಿರ ಮೆಕಾಂಗ್ ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಬಂದಾಗ ಈ ನದಿ ತಿರುಗಿ ಸರೋವರದ ಕಡೆಗೇ ಹರಿಯುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇರುವ ಸರೋವರ ಮಳೆಗಾಲದ ಕೊನೆಗೆ 15,000 ಚದರ ಕಿ.ಮೀ.ವರೆಗೂ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದರ ಆಳ ಎಷ್ಟೋ ಕಡೆ ಒಂದು ಮೀಟರ್ ಅಷ್ಟೇ. ಅದರಲ್ಲಿ ದೊಡ್ಡ ಹಡಗು ಹೇಗೆ ತೇಲಬೇಕು?

ಅದಕ್ಕೇ ಕರಪತ್ರದಲ್ಲಿ "ಸಿಯೆಮ್ ರೀಪ್‌ನಿಂದ ಸೈಗಾನ್‌ಗೆ" ಅಂತ ಇದ್ದರೂ ವರ್ಷದ ಬಹುಪಾಲು ನೀವು ಹಡಗು ಹತ್ತುವುದು ಸಿಯೆಮ್ ರೀಪ್‌ನಲ್ಲಲ್ಲ. ನಾಲ್ಕೈದು ಗಂಟೆ ಬಸ್ಸಿನಲ್ಲಿ ಕೂತು ಕಾಂಪೋಂಗ್ ಚಾಮ್ ಅಥವಾ ಪ್ರೆಕ್ ಕ್ಡಾಮ್‌ವರೆಗೆ ಹೋಗಿ ಅಲ್ಲಿ ಹತ್ತಬೇಕು. ಇದು ಮೋಸ ಅಲ್ಲ, ನದಿಯ ಸ್ವಭಾವ. ಆದರೆ ಈ ಮಾತು ಕರಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಆದ್ದರಿಂದ ಬುಕ್ ಮಾಡುವ ಮೊದಲು ಬರಹದಲ್ಲೇ ಕೇಳಿ: "ನಮ್ಮ ತಾರೀಖಿಗೆ ಎಂಬಾರ್ಕೇಶನ್ ಯಾವ ಊರಲ್ಲಿ? ಅಲ್ಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು?" ಎಂಬಾರ್ಕೇಶನ್ ಅಂದರೆ ಹಡಗು ಹತ್ತುವ ಜಾಗ.

ತಿಂಗಳುಗಳ ಲೆಕ್ಕ ಹೀಗಿದೆ. ಆಗಸ್ಟ್‌ನಿಂದ ನವೆಂಬರ್‌ವರೆಗೆ ನೀರು ತುಂಬಿರುತ್ತದೆ, ಗದ್ದೆಗಳು ಹಸಿರು, ಮಧ್ಯಾಹ್ನ ಜೋರು ಮಳೆ ಬರಬಹುದು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ದರವೂ ಆಗಲೇ ಜಾಸ್ತಿ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಸುಡುತ್ತದೆ, ನೀರು ಇಳಿದಿರುತ್ತದೆ, ಡಿಸ್ಕೌಂಟ್ ಸಿಗುತ್ತದೆ. ಮಕ್ಕಳ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೊರಡುವವರು ಬಹಳ. ಅಂಗ್ಕೋರ್‌ನ ಕಲ್ಲು ಆಗ ಕಾದ ಹೆಂಚು. ವಯಸ್ಸಾದವರನ್ನು ಆ ತಿಂಗಳಲ್ಲಿ ಕರೆದುಕೊಂಡು ಹೋಗಬೇಡಿ.

ಹಬ್ಬಗಳನ್ನೂ ನೋಡಿಕೊಳ್ಳಿ. ಸಾಮಾನ್ಯವಾಗಿ ನವೆಂಬರ್ ಹುಣ್ಣಿಮೆಯ ಹೊತ್ತಿಗೆ ಫ್ನೋಮ್ ಪೆನ್‌ನಲ್ಲಿ ಜಲಹಬ್ಬ, ಬೋನ್ ಓಮ್ ಟುಕ್, ನಡೆಯುತ್ತದೆ. ಉದ್ದುದ್ದ ದೋಣಿಗಳ ಪಂದ್ಯ. ನೋಡೋಕೆ ಚೆಂದ, ಆದರೆ ಊರಿಗೆ ಊರೇ ನದಿ ದಡದಲ್ಲಿರುತ್ತದೆ, ಹಡಗು ನಿಲ್ಲುವ ಜಾಗ, ವೇಳೆ ಎರಡೂ ಏರುಪೇರಾಗಬಹುದು. ವಿಯೆಟ್ನಾಂನಲ್ಲಿ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಟೆಟ್, ಅವರ ಹೊಸ ವರ್ಷ. ಆಗ ಅಂಗಡಿ, ಕಾರ್ಖಾನೆ, ಮಾರುಕಟ್ಟೆ ಎಲ್ಲ ಬಾಗಿಲು.

ಹಂತ 3: ಹಡಗು

ನದಿ ಹಡಗು ಸಮುದ್ರದ ಕ್ರೂಸ್ ಹಡಗಿನ ಹಾಗಲ್ಲ. ಕ್ಯಾಸಿನೊ, ದೊಡ್ಡ ಈಜುಕೊಳ, ರಾತ್ರಿಯಿಡೀ ಕುಣಿತ, ಇವೆಲ್ಲ ಬೇಕಾದವರಿಗೆ ಇಲ್ಲಿ ಮೂರನೇ ದಿನಕ್ಕೇ ಬೇಜಾರಾಗುತ್ತದೆ. ಚಿಕ್ಕ ಹಡಗು ಅಂದರೆ ಅಕ್ವಾ ಮೆಕಾಂಗ್ ಥರದ್ದು, 20 ಕೊಠಡಿ, 40 ಜನ. ದೊಡ್ಡದು ಅಂದರೆ ಅಮಾದಾರಾ ಥರದ್ದು, 124 ಜನ. ಇವೆರಡರ ನಡುವೆ ಜಹಾನ್, ಜಯವರ್ಮನ್, ಪಾಂಡಾವ್ ಕಂಪನಿಯ ತೇಗದ ಹಡಗುಗಳು, ಹೀಗೆ ಹಲವಿವೆ. ಚಿಕ್ಕದಾದಷ್ಟೂ ಹಳ್ಳಿಯ ದಡಕ್ಕೆ ಹತ್ತಿರ ಹೋಗುತ್ತದೆ, ಅಡುಗೆಯವರ ಜೊತೆ ಮಾತಾಡೋದೂ ಸುಲಭ. ದರ ಮಾತ್ರ ಏರುತ್ತದೆ.

ಕೊಠಡಿ ಆರಿಸುವಾಗ ಇಷ್ಟು ನೋಡಿ. ತೀರಾ ಹಿಂಬದಿಯದು ಬೇಡ, ಎಂಜಿನ್ ಸದ್ದು. ತೀರಾ ಕೆಳ ಅಂತಸ್ತಿನಲ್ಲಿ ಕಿಟಕಿ ಚಿಕ್ಕದಿರಬಹುದು. "ಫ್ರೆಂಚ್ ಬಾಲ್ಕನಿ" ಅಂತ ಬರೆದಿದ್ದರೆ ಕುರ್ಚಿ ಹಾಕಿ ಕಾಫಿ ಕುಡಿಯೋ ಜಾಗ ಅಂದುಕೊಳ್ಳಬೇಡಿ. ಅದು ಸರಿಸುವ ಗಾಜಿನ ಬಾಗಿಲು, ಅದರಾಚೆ ಒಂದು ಕಂಬಿ, ಅಷ್ಟೇ. ಕಾಲಿಡುವ ಜಾಗ ಇರುವುದಿಲ್ಲ. ಹಾಗಂತ ಬಾಲ್ಕನಿಗೆ ಸಿಕ್ಕಾಪಟ್ಟೆ ದುಡ್ಡು ಸುರಿಯಬೇಕಾಗಿಯೂ ಇಲ್ಲ. ಬೆಳಗ್ಗೆ ಸಂಜೆ ಎಲ್ಲರೂ ಕೂರುವುದು ಮೇಲಿನ ಡೆಕ್‌ನಲ್ಲೇ, ಎರಡೂ ದಡ ಕಾಣುವುದು ಅಲ್ಲಿಂದಲೇ.

ಮಂಡಿ ನೋವಿರುವವರಿದ್ದರೆ ಎರಡು ಪ್ರಶ್ನೆ ಕೇಳಲೇಬೇಕು. ಹಡಗಿನಲ್ಲಿ ಲಿಫ್ಟ್ ಇದೆಯಾ? ದಡ ಹತ್ತುವುದು ಹೇಗೆ? ಎರಡನೆಯದನ್ನು ಯಾರೂ ಕೇಳುವುದಿಲ್ಲ. ಹಳ್ಳಿಗಳಲ್ಲಿ ಜೆಟ್ಟಿ ಇರುವುದಿಲ್ಲ. ಹಡಗಿನ ಮೂತಿಯಿಂದ ದಡಕ್ಕೆ ಒಂದು ಹಲಗೆ ಹಾಕುತ್ತಾರೆ, ಎರಡೂ ಬದಿ ಸಿಬ್ಬಂದಿ ಬಿದಿರ ಗಳು ಹಿಡಿದು ನಿಲ್ಲುತ್ತಾರೆ, ಅದೇ ಕೈಯಾಸರೆ. ಆಮೇಲೆ ಜೇಡಿಮಣ್ಣಲ್ಲಿ ಕಡಿದ ಮೆಟ್ಟಿಲು. ನೀರು ಇಳಿದಷ್ಟೂ ಆ ದಡ ಎತ್ತರವಾಗುತ್ತದೆ. ನೀರು ತುಂಬಿದ ತಿಂಗಳುಗಳನ್ನು ಹಿರಿಯರಿಗೆ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹಂತ 4: ದುಡ್ಡಿನ ಲೆಕ್ಕ

ಕಂಪನಿ, ತಿಂಗಳು, ಕೊಠಡಿ ನೋಡಿಕೊಂಡು ದರ ವಿಪರೀತ ಬದಲಾಗುತ್ತದೆ. ಕಾಣುವ ದರಕ್ಕಿಂತ ಕಾಣದ ಖರ್ಚುಗಳ ಮೇಲೆ ಕಣ್ಣಿಡಿ.

"ಎಲ್ಲ ಸೇರಿದೆ" ಅನ್ನುವ ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಸ್ಥಳೀಯ ಬಿಯರ್, ತಂಪು ಪಾನೀಯ ಸೇರಿರುತ್ತದೆ, ವಿದೇಶಿ ವೈನ್ ಸೇರಿರುವುದಿಲ್ಲ. ಬಟ್ಟೆ ಒಗೆಯುವುದು, ಮಸಾಜು, ವೀಸಾ, ಟಿಪ್ಸು ಹೊರಗೆ ಇರಬಹುದು. ಒಬ್ಬರೇ ಹೋಗುತ್ತಿದ್ದರೆ ಸಿಂಗಲ್ ಸಪ್ಲಿಮೆಂಟ್ ಅಂತ ಹಾಕುತ್ತಾರೆ, ಇಬ್ಬರ ಕೊಠಡಿಯಲ್ಲಿ ಒಬ್ಬರೇ ಇರುವುದಕ್ಕೆ ಹೆಚ್ಚುವರಿ ದಂಡ ಅನ್ನಿ. ಕೆಲವು ಹೊರಡುವ ತಾರೀಖುಗಳಿಗೆ ಅದನ್ನು ಬಿಟ್ಟುಕೊಡುತ್ತಾರೆ, ಕೇಳಿದರೆ ಮಾತ್ರ.

ಭಾರತದ ಏಜೆಂಟರ ಮೂಲಕ ವಿದೇಶ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ಒಂದು ಮೊತ್ತ ಮೇಲೆ ಸೇರುತ್ತದೆ. ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಮುಂಗಡವಾಗಿ ಹಿಡಿದುಕೊಳ್ಳುವ ದುಡ್ಡು ಅದು. ಕಳೆದುಹೋಗುವುದಿಲ್ಲ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಆದರೆ ಕಟ್ಟುವ ದಿನ ಕೈಯಲ್ಲಿ ಇರಬೇಕಲ್ಲ! ದರ ಆಗಾಗ ಬದಲಾಗುತ್ತದೆ, ನಿಮ್ಮ ಆಡಿಟರನ್ನು ಕೇಳಿಕೊಳ್ಳಿ.

ಇನ್ಶೂರೆನ್ಸ್ ಇಲ್ಲದೆ ಹೊರಡಬೇಡಿ. ಪಾಲಿಸಿಯಲ್ಲಿ "ಮೆಡಿಕಲ್ ಇವ್ಯಾಕ್ಯುಯೇಶನ್" ಇದೆಯಾ ನೋಡಿ. ಅಂದರೆ ಕಾಯಿಲೆ ಜೋರಾದರೆ ಬ್ಯಾಂಕಾಕ್ ಅಥವಾ ಸಿಂಗಾಪುರದಂಥ ಊರಿಗೆ ಸಾಗಿಸುವ ಖರ್ಚು. ನದಿ ನಡುವೆ ಎದೆನೋವು ಬಂದರೆ ಹತ್ತಿರದ ದೊಡ್ಡ ಆಸ್ಪತ್ರೆ ಹತ್ತಿರವಿರುವುದಿಲ್ಲ.

ಹಂತ 5: ವೀಸಾ, ಜಾಸ್ತಿ ಜನ ಎಡವುವ ಜಾಗ

ಎರಡು ದೇಶ, ಎರಡು ವೀಸಾ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಖಾಲಿ ಪುಟಗಳಿರಬೇಕು.

ಕಾಂಬೋಡಿಯಾ: ಪ್ರವಾಸಿ ವೀಸಾಕ್ಕೆ 30 ಡಾಲರ್, ಇ-ವೀಸಾ ಆದರೆ ಮೇಲೆ ಸೇವಾ ಶುಲ್ಕ ಇರಬಹುದು. ವಿಮಾನದಲ್ಲಿ ಇಳಿಯುವವರು ಕಾಂಬೋಡಿಯಾ ಇ-ಅರೈವಲ್ ಅನ್ನುವ ಅರ್ಜಿಯನ್ನೂ ತುಂಬಬೇಕು, ಇಳಿಯುವ ಮುಂಚಿನ ಏಳು ದಿನಗಳೊಳಗೆ. ಅದು ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ತಾಣ ನಕಲಿ.

ವಿಯೆಟ್ನಾಂ: ಇ-ವೀಸಾ, 90 ದಿನದವರೆಗೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್. ತಿರಸ್ಕಾರವಾದರೂ ದುಡ್ಡು ವಾಪಸ್ ಇಲ್ಲ.

ಈಗ ಎಡವಟ್ಟುಗಳು. ಮೊದಲನೆಯದು ಗಡಿಯ ಹೆಸರು. ವಿಯೆಟ್ನಾಂ ಅರ್ಜಿಯಲ್ಲಿ ಯಾವ ಗಡಿಯಿಂದ ಒಳಗೆ ಬರುತ್ತೀರಿ, ಯಾವುದರಿಂದ ಹೊರಗೆ ಹೋಗುತ್ತೀರಿ ಅಂತ ಪಟ್ಟಿಯಿಂದ ಆರಿಸಬೇಕು. ಜನ ಅಭ್ಯಾಸಬಲದಿಂದ ವಿಮಾನ ನಿಲ್ದಾಣವನ್ನು ಒತ್ತಿಬಿಡುತ್ತಾರೆ. ಹಡಗು ದಾಟುವುದು ನದಿಯ ಗಡಿಯನ್ನು. ಆ ಠಾಣೆಯ ಹೆಸರು ವಿನ್ ಸುವಾಂಗ್, ಅರ್ಜಿಯ ಪಟ್ಟಿಯಲ್ಲಿ ಸೊಂಗ್ ತಿಯೆನ್ ಅಂತ ಇರುತ್ತದೆ. ನಿಮ್ಮ ಹಡಗಿನವರು ಯಾವ ಹೆಸರು ಹಾಕಬೇಕು ಅಂತ ಬರೆದು ಕಳಿಸಿರುತ್ತಾರೆ. ಕಳಿಸದಿದ್ದರೆ ಕೇಳಿ ತರಿಸಿಕೊಂಡೇ ಅರ್ಜಿ ತುಂಬಿ.

ಎರಡನೆಯದು, ಕೆಳಗಿಂದ ಮೇಲಕ್ಕೆ ಹೋಗುವವರ ಕಷ್ಟ. ಕಾಂಬೋಡಿಯಾದ ಇ-ವೀಸಾ ಎಲ್ಲ ಗಡಿಗಳಲ್ಲೂ ನಡೆಯುವುದಿಲ್ಲ. ನದಿ ಗಡಿಯಲ್ಲಿ ಸಾಮಾನ್ಯವಾಗಿ ಹಡಗಿನವರೇ ನಿಮ್ಮ ಫೋಟೋ, ಪಾಸ್‌ಪೋರ್ಟು, ಡಾಲರ್ ತೆಗೆದುಕೊಂಡು ಅಲ್ಲೇ ವೀಸಾ ಮಾಡಿಸುತ್ತಾರೆ. ಮೊದಲೇ ಇ-ವೀಸಾ ಮಾಡಿಸಿದವರ ದುಡ್ಡು ಹೋಯಿತು ಅಂತಲೇ. ಮೇಲಿಂದ ಕೆಳಕ್ಕೆ ಬರುವವರಿಗೆ ಈ ತಲೆನೋವಿಲ್ಲ.

ಮೂರನೆಯದು, ಪ್ರವಾಸ ಮುಗಿಸಿ ವಾಪಸ್ ವಿಯೆಟ್ನಾಂ ಮೂಲಕ ಊರಿಗೆ ಬರುವವರು. ಸೈಗಾನ್‌ನಲ್ಲಿ ಶುರುಮಾಡಿ ಸಿಯೆಮ್ ರೀಪ್‌ನಲ್ಲಿ ಮುಗಿಸಿ, ಮತ್ತೆ ವಿಯೆಟ್ನಾಂಗೆ ಕಾಲಿಡುವುದಾದರೆ ಹಲವು ಪ್ರವೇಶದ ವೀಸಾ ಬೇಕು.

ನಾಲ್ಕನೆಯದು ನಮ್ಮವರಿಗೇ ಕಾಡುವ ಸಮಸ್ಯೆ. ಕರ್ನಾಟಕದಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಥವಾ ಇನಿಶಿಯಲ್ ಬಿಡಿಸಿದ ಊರಿನ ಹೆಸರು, ಅಪ್ಪನ ಹೆಸರು ಅಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲಿದೆಯಲ್ಲ, ಅದನ್ನು ನೋಡಿಕೊಂಡು ಟಿಕೆಟ್, ವೀಸಾ, ಹಡಗಿನ ಬುಕಿಂಗ್ ಮೂರರಲ್ಲೂ ಒಂದೇ ಥರ ತುಂಬಿ.

ಐದನೆಯದು ನಕಲಿ ತಾಣಗಳು. ಹುಡುಕಿದಾಗ ಮೇಲೆ ಕಾಣುವವು ಎಷ್ಟೋ ಸಲ ಏಜೆಂಟರ ಜಾಹೀರಾತು. ಸರ್ಕಾರಿ ತಾಣದ ವಿಳಾಸ ವಿಯೆಟ್ನಾಂದು ಆದರೆ "ಗವ್ ಡಾಟ್ ವಿಎನ್" ಅಂತಲೂ, ಕಾಂಬೋಡಿಯಾದು ಆದರೆ "ಗವ್ ಡಾಟ್ ಕೆಎಚ್" ಅಂತಲೂ ಮುಗಿಯುತ್ತದೆ.

ಇನ್ನೊಂದು ಮಾತು. ಬ್ಯಾಂಕಾಕ್‌ನಲ್ಲಿ ಇಳಿದು ರಸ್ತೆಯಲ್ಲಿ ಸಿಯೆಮ್ ರೀಪ್‌ಗೆ ಹೋಗೋಣ, ಅಗ್ಗ ಅಂತ ಲೆಕ್ಕ ಹಾಕಬೇಡಿ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಸೇನಾ ಸಂಘರ್ಷವೇ ನಡೆದು ರಸ್ತೆ ಗಡಿಗಳು ಮುಚ್ಚಿದವು. ವಿಮಾನದಲ್ಲೇ ಹೋಗಿ. ಸಿಯೆಮ್ ರೀಪ್‌ಗೆ 2023ರಲ್ಲಿ ಹೊಸ ವಿಮಾನ ನಿಲ್ದಾಣ ಬಂದಿದೆ, ಅದು ಊರಿಂದ ದೂರ, ಹೆಚ್ಚುಕಮ್ಮಿ ಒಂದು ಗಂಟೆ ದಾರಿ ಅಂತಿಟ್ಟುಕೊಳ್ಳಿ.

ಹಂತ 6: ಊಟದ ವಿಷಯ ಬರೆದು ಕಳಿಸಿ

ಬುಕಿಂಗ್ ಆದಮೇಲೆ ಒಂದು ಅರ್ಜಿ ಕಳಿಸುತ್ತಾರೆ, ಅದರಲ್ಲಿ ಊಟದ ಬಗ್ಗೆ ಒಂದು ಸಾಲು ಇರುತ್ತದೆ. "ವೆಜಿಟೇರಿಯನ್" ಅಂತ ಒಂದೇ ಪದ ಬರೆದು ಬಿಡಬೇಡಿ. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ನೂಡಲ್ ಸೂಪಿನ ನೀರು ಮೂಳೆ ಬೇಯಿಸಿದ್ದು, ಕಾಂಬೋಡಿಯಾದ ಎಷ್ಟೋ ಅಡುಗೆಗೆ ಪ್ರಹೋಕ್, ಅಂದರೆ ಹುದುಗಿಸಿದ ಮೀನಿನ ಗೊಜ್ಜು, ಬೇಕೇಬೇಕು. ಅವರ ಲೆಕ್ಕದಲ್ಲಿ ಅದೆಲ್ಲ ಮಾಂಸ ಅಲ್ಲ.

ಹೀಗೆ ಬರೆಯಿರಿ: ಮಾಂಸ, ಮೀನು, ಸೀಗಡಿ ಬೇಡ. ಮೀನಿನ ಸಾಸ್, ಆಯ್ಸ್ಟರ್ ಸಾಸ್, ಸೀಗಡಿ ಪೇಸ್ಟ್ ಬೇಡ. ಮೂಳೆ ನೀರು, ಹಂದಿ ಕೊಬ್ಬು ಬೇಡ. ಮೊಟ್ಟೆ ತಿನ್ನುತ್ತೇವೆ, ಅಥವಾ ತಿನ್ನುವುದಿಲ್ಲ. ಹಾಲು, ಮೊಸರು ಆಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಅದನ್ನೂ. ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಕಳಿಸಿ, ಯಾಕೆಂದರೆ ಹಡಗಿಗೆ ಸಾಮಾನು ತುಂಬುವುದು ಮುಂಚೆಯೇ. ಹತ್ತಿದ ದಿನ ಸಂಜೆ ಮುಖ್ಯ ಅಡುಗೆಯವರನ್ನು ಹುಡುಕಿ ಇನ್ನೊಮ್ಮೆ ಮುಖತಃ ಹೇಳಿ. ಇಷ್ಟು ಮಾಡಿದವರಿಗೆ ಒಳ್ಳೆ ಊಟವೇ ಸಿಗುತ್ತದೆ. ತೆಂಗಿನಹಾಲಿನ ಅಮೋಕ್ ಕರಿ ಮೂಲತಃ ಮೀನಿನದು, ತೋಫು ಹಾಕಿ ಮಾಡಿಸಿಕೊಳ್ಳಿ. ಮಾವು, ಡ್ರ್ಯಾಗನ್ ಹಣ್ಣು, ರಾಂಬುಟಾನ್ ಬೇಕಾದಷ್ಟು.

ಸೈಗಾನ್‌ನಲ್ಲಿ ಬೋರ್ಡಿನ ಮೇಲೆ "ಚಾಯ್" ಅಂತ ಇದ್ದರೆ ಅದು ಸಸ್ಯಾಹಾರಿ ಹೋಟೆಲು, ಟೀ ಅಂಗಡಿಯಲ್ಲ. ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಬಿಡುವುದರಿಂದ ಇಂಥ ಹೋಟೆಲುಗಳು ಸಾಕಷ್ಟಿವೆ.

ಚಟ್ನಿಪುಡಿ, ಒಂದು ಚಿಕ್ಕ ಉಪ್ಪಿನಕಾಯಿ ಪ್ಯಾಕೆಟ್, ಸ್ವಲ್ಪ ಖಾರದ ಅವಲಕ್ಕಿ ಸಾಕು. ಕುಕ್ಕರ್, ಇಂಡಕ್ಷನ್ ಒಲೆ ಹೊತ್ತುಕೊಂಡು ಹೋಗಬೇಡಿ. ಹಡಗಿನ ಕೊಠಡಿಯಲ್ಲಿ ಬೆಂಕಿ ಭಯ, ಖಂಡಿತ ಬಿಡುವುದಿಲ್ಲ.

ಹಂತ 7: ಬ್ಯಾಗು

ಹತ್ತಿಬಟ್ಟೆ, ಟೋಪಿ, ಸೊಳ್ಳೆ ಮುಲಾಮು (ಡೆಂಗಿ ಅಲ್ಲೂ ಇದೆ), ಮಣ್ಣಾದರೂ ತೊಳೆಯಬಹುದಾದ ಹಿಂದೆ ಪಟ್ಟಿಯಿರುವ ಚಪ್ಪಲಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇಲ್ಲದೆ ಅಂಗ್ಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ. ಸುಮ್ನೆ ಶಾಲು ಹೊದ್ದರೆ ಒಪ್ಪುವುದಿಲ್ಲ. ಕಾಂಬೋಡಿಯಾದಲ್ಲಿ ಡಾಲರ್ ನಡೆಯುತ್ತದೆ, ಹೆಚ್ಚುಕಡಿಮೆ 4,000 ರಿಯೆಲ್‌ಗೆ ಒಂದು ಡಾಲರ್. ಆದರೆ ನೋಟಿನ ಅಂಚು ಒಂದು ಚೂರು ಹರಿದಿದ್ದರೂ ತೆಗೆದುಕೊಳ್ಳುವುದಿಲ್ಲ. ಹೊಸ ನೋಟು, ಅದರಲ್ಲೂ 1, 5 ಡಾಲರ್‌ನವು, ಇಲ್ಲೇ ತೆಗೆದುಕೊಳ್ಳಿ. ಡ್ರೋನ್ ಮನೆಯಲ್ಲೇ ಇರಲಿ, ಎರಡೂ ದೇಶದಲ್ಲಿ ಅನುಮತಿ ಬೇಕು.

ಹಂತ 8: ದಡದ ಮೇಲೆ ಏನು ನೋಡಬೇಕು, ಏನು ಬಿಡಬೇಕು

ದಿನಕ್ಕೆ ಎರಡು ಸುತ್ತು ಕರೆದುಕೊಂಡು ಹೋಗುತ್ತಾರೆ, ಬೆಳಗ್ಗೆ ಒಂದು, ಬಿಸಿಲಿಳಿದ ಮೇಲೆ ಒಂದು. ಎಲ್ಲಕ್ಕೂ ಹೋಗಲೇಬೇಕು ಅಂತಿಲ್ಲ.

ಅಂಗ್ಕೋರ್ ವಾಟ್‌ಗೆ ನಮ್ಮವರು ಬೇರೆ ಥರ ತಯಾರಾಗಬೇಕು. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮನ್ ವಿಷ್ಣುವಿಗೆ ಕಟ್ಟಿಸಿದ ಗುಡಿ ಅದು. ಗೈಡ್ ಸಮುದ್ರ ಮಥನದ ಕಥೆಯನ್ನು ಮೊದಲಿಂದ ಹೇಳಲು ಶುರುಮಾಡುತ್ತಾರೆ, ನಿಮಗೆ ಅದು ಅಜ್ಜಿ ಹೇಳಿದ ಕಥೆ. ಕಥೆ ಗೊತ್ತು ಅಂತ ಮೊದಲೇ ಹೇಳಿ, ಆ ಹೊತ್ತನ್ನು ನೋಡುವುದಕ್ಕೆ ಉಳಿಸಿ. ಪೂರ್ವದ ಮೊಗಸಾಲೆಯ ಸಮುದ್ರ ಮಥನದ ಉಬ್ಬುಶಿಲ್ಪ ಸುಮಾರು 49 ಮೀಟರ್ ಉದ್ದವಿದೆ. ಪಶ್ಚಿಮದ ಮೊಗಸಾಲೆಯ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಕುರುಕ್ಷೇತ್ರದಲ್ಲಿ ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ಹುಡುಕಿ. ಅವಸರದ ಗುಂಪುಗಳು ಅವನನ್ನು ದಾಟಿ ಮುಂದೆ ಹೋಗಿಬಿಡುತ್ತವೆ. ಮರದ ಬೇರು ಹಬ್ಬಿದ ತಾ ಪ್ರೋಮ್‌ನಲ್ಲಿ ಜೀರ್ಣೋದ್ಧಾರ ಮಾಡುತ್ತಿರುವುದು ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರೇ, ಅಲ್ಲಿನವರ ಜೊತೆ ಸೇರಿ. ಪ್ರವೇಶ ಚೀಟಿ ಪ್ಯಾಕೇಜಿನಲ್ಲಿಲ್ಲದಿದ್ದರೆ ಒಂದು ದಿನಕ್ಕೆ 37, ಮೂರು ದಿನಕ್ಕೆ 62 ಡಾಲರ್. ಮೂರು ದಿನದ್ದೇ ತಗೊಳ್ಳಿ.

ಕಾಂಪೋಂಗ್ ಛ್ನಾಂಗ್ ಕಡೆ ಮಡಕೆ ಮಾಡುವ, ತಾಳೆಬೆಲ್ಲ ಕಾಯಿಸುವ ಮನೆಗಳಿಗೆ ಕರೆದೊಯ್ಯುತ್ತಾರೆ. ಇದನ್ನು ತಪ್ಪಿಸಬೇಡಿ. ಮರಕ್ಕೆ ಕಟ್ಟಿದ ಬಿದಿರಿನ ಗೆಣ್ಣುಗಳನ್ನೇ ಮೆಟ್ಟಿಲು ಮಾಡಿಕೊಂಡು, ಸೊಂಟಕ್ಕೆ ಬಿದಿರ ಕೊಳವೆ ನೇತುಹಾಕಿಕೊಂಡು ಮನುಷ್ಯ ಸರಸರ ಹತ್ತುತ್ತಾನೆ. ಕೆಳಗೆ ಅಗಲದ ಬಾಣಲೆಯಲ್ಲಿ ರಸ ಕುದಿಯುತ್ತಿರುತ್ತದೆ. ಕಂದು ಪಾಕವಾದಾಗ ಒಲೆಯಿಂದ ಇಳಿಸಿ ಮರದ ಹುಟ್ಟಿನಲ್ಲಿ ಜೋರಾಗಿ ತಿರುವುತ್ತಾರೆ, ನೋಡನೋಡುತ್ತ ಬಣ್ಣ ತಿಳಿಯಾಗಿ ಗಟ್ಟಿಯಾಗುತ್ತದೆ. ಬಿಸಿಯಿರುವಾಗಲೇ ಕೈಗೆ ಹಾಕಿಸಿಕೊಂಡು ತಿನ್ನಿ. ಕೊಳ್ಳುವುದಾದರೂ ಅಲ್ಲೇ ಕೊಳ್ಳಿ, ದುಡ್ಡು ನೇರ ಆ ಮನೆಗೆ ಹೋಗುತ್ತದೆ.

ಫ್ನೋಮ್ ಪೆನ್‌ನಲ್ಲಿ ತುವೋಲ್ ಸ್ಲೆಂಗ್ ಮತ್ತು ಚೋಯುಂಗ್ ಎಕ್. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತ ಜನರನ್ನು ಹಿಂಸಿಸಿದ ಸೆರೆಮನೆ ಒಂದು, ಕೊಂದು ಹೂತ ಬಯಲು ಇನ್ನೊಂದು. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಸೆಲ್ಫಿ ಬೇಡವೇ ಬೇಡ.

ವಿಯೆಟ್ನಾಂ ಕಡೆ ಚೌ ಡಾಕ್‌ನಲ್ಲಿ ತೇಲುವ ಮನೆಗಳ ಕೆಳಗೆ ಮೀನು ಸಾಕುವುದನ್ನು, ಸಾ ಡೆಕ್‌ನಲ್ಲಿ ಮಾರುಕಟ್ಟೆಯನ್ನು ನೋಡಿ. ಹಡಗಿನಿಂದ ಸ್ಯಾಂಪನ್‌ನಲ್ಲಿ, ಅಂದರೆ ಚಿಕ್ಕ ಮರದ ದೋಣಿಯಲ್ಲಿ, ಕರೆದೊಯ್ಯುತ್ತಾರೆ. ಕಾಯ್ ಬೆ ತೇಲುವ ಮಾರುಕಟ್ಟೆಯ ಬಗ್ಗೆ ಮಾತ್ರ ಹಳೆಯ ಫೋಟೋ ನೋಡಿ ಆಸೆ ಇಟ್ಟುಕೊಳ್ಳಬೇಡಿ. ರಸ್ತೆ, ಸೇತುವೆ ಬಂದಮೇಲೆ ವ್ಯಾಪಾರ ದಡ ಹತ್ತಿದೆ, ಈಗ ಉಳಿದಿರುವುದು ಅಲ್ಪಸ್ವಲ್ಪ.

ಹಳ್ಳಿಗಳಲ್ಲಿ ಮಕ್ಕಳು ಸುತ್ತುವರಿಯುತ್ತಾರೆ. ಚಾಕೊಲೇಟು, ದುಡ್ಡು ಹಂಚಬೇಡಿ, ಶಾಲೆ ಬಿಟ್ಟು ಪ್ರವಾಸಿಗರ ಹಿಂದೆ ಓಡುವ ಚಟ ಹತ್ತುತ್ತದೆ. ಅನಾಥಾಲಯ ತೋರಿಸುತ್ತೇವೆ ಅಂದರೆ ಬರುವುದಿಲ್ಲ ಅನ್ನಿ. ಬಡ ಮಕ್ಕಳನ್ನು ಪ್ರದರ್ಶನಕ್ಕಿಟ್ಟು ದುಡ್ಡು ಮಾಡುವ ದಂಧೆ ಕಾಂಬೋಡಿಯಾದಲ್ಲಿ ನಡೆದಿದೆ, ಅಲ್ಲಿನ ಮಕ್ಕಳ ರಕ್ಷಣೆಯ ಸಂಸ್ಥೆಗಳೇ ಹೋಗಬೇಡಿ ಅನ್ನುತ್ತವೆ.

ಹಂತ 9: ಗಡಿ ದಾಟುವ ದಿನ ಮತ್ತು ಇಳಿಯುವ ದಿನ

ಗಡಿಯಲ್ಲಿ ಹಡಗು ಕೆಲವು ಗಂಟೆ ಲಂಗರು ಹಾಕುತ್ತದೆ. ಸಿಬ್ಬಂದಿ ಎಲ್ಲರ ಪಾಸ್‌ಪೋರ್ಟ್ ಒಟ್ಟಿಗೆ ತೆಗೆದುಕೊಂಡು ಹೋಗಿ ಮುದ್ರೆ ಹಾಕಿಸಿ ತರುತ್ತಾರೆ, ನೀವು ಡೆಕ್‌ನಲ್ಲಿ ಕೂತಿರಿ. ಪಾಸ್‌ಪೋರ್ಟ್ ಬೇರೆಯವರ ಕೈಯಲ್ಲಿದೆ ಅಂತ ಗಾಬರಿ ಬೇಡ, ಇಲ್ಲಿ ಅದೇ ಪದ್ಧತಿ. ಜೆರಾಕ್ಸ್ ಮತ್ತು ವೀಸಾದ ಎರಡು ಪ್ರತಿ ಮಾತ್ರ ಕಾಗದದ ಮೇಲೆ ಇಟ್ಟುಕೊಂಡಿರಿ. ಮೊಬೈಲ್ ಸಿಗ್ನಲ್ ದೇಶ ಬದಲಾದ ಕೂಡಲೇ ಹೋಗುತ್ತದೆ, ಎರಡೂ ದೇಶಕ್ಕೆ ನಡೆಯುವ ಇ-ಸಿಮ್ ಮೊದಲೇ ಹಾಕಿಸಿಕೊಳ್ಳಿ.

ಟಿಪ್ಸನ್ನು ಸಾಮಾನ್ಯವಾಗಿ ಕೊನೆಯ ರಾತ್ರಿ ಲಕೋಟೆಯಲ್ಲಿ ಹಾಕಿ ಕೊಡುವುದು, ಎಲ್ಲ ಸಿಬ್ಬಂದಿಗೂ ಹಂಚಿಕೆಯಾಗುತ್ತದೆ. ಗೈಡ್‌ಗಳಿಗೆ ಬೇರೆ.

ಹೆಚ್ಚಿನ ಹಡಗುಗಳ ಪ್ರಯಾಣ ಮಿ ತೊ ಊರಲ್ಲಿ ಮುಗಿಯುತ್ತದೆ, ಅಲ್ಲಿಂದ ಸೈಗಾನ್‌ಗೆ ಸುಮಾರು 70 ಕಿ.ಮೀ. ಬಸ್ಸು. ಗಾಡಿಗಳ ಗಿಜಿಗುಟ್ಟುವಿಕೆಯಲ್ಲಿ ಎರಡು ಗಂಟೆ ಹಿಡಿಯಬಹುದು, ಇನ್ನೂ ಜಾಸ್ತಿಯೂ ಆಗಬಹುದು. ಆ ದಿನ ಮಧ್ಯಾಹ್ನದೊಳಗಿನ ವಿಮಾನ ಹಿಡಿಯಬೇಡಿ. ರಾತ್ರಿಯದು ಇರಲಿ, ಇಲ್ಲವೇ ಒಂದು ರಾತ್ರಿ ಸೈಗಾನ್‌ನಲ್ಲಿ ಉಳಿದು ಮರುದಿನ ಹೊರಡಿ.